ಬೈಸಿಕಲ್ಲಿಗೆ ಹಿಂಬದಿಯ ದೀಪ ಬೇಡವೆ?

ಬೈಸಿಕಲ್ಲು ಕೊಳ್ಳುವವರು ಗಂಟೆಯನ್ನು ಬಾರಿಸಿ ನೋಡುತ್ತಾರೆ. ಬ್ರೇಕನ್ನು ಒತ್ತಿ ನೋಡುತ್ತಾರೆ. ಬಣ್ಣ ಒಪ್ಪುವುದೋ ಇಲ್ಲವೋ ಎಂದು ನಾಲ್ಕು ಜನರನ್ನು ಕೇಳುತ್ತಾರೆ. ಹಿಂದಿನ ಮಡ್‌ಗಾರ್ಡಿನ ಕಡೆಗೆ ಬಗ್ಗಿ ನೋಡುವವರು ಮಾತ್ರ ವಿರಳ. ಇದಕ್ಕೆ ಕಾರಣವೂ ಉಂಟು. ಮುಂದಿನ ದೀಪವು ಸವಾರನಿಗೆ ದಾರಿ ತೋರಿಸುತ್ತದೆ. ಅದು ಕೆಟ್ಟರೆ ಆ ಕ್ಷಣವೇ ತಿಳಿಯುತ್ತದೆ. ಹಿಂದಿನ ದೀಪವನ್ನಾದರೋ ಸವಾರನು ದಾರಿಯುದ್ದಕ್ಕೂ ಕಾಣಲಾರನು. ಅದು ಉರಿದರೂ ಆರಿದರೂ ಅವನಿಗೆ ಒಂದೇ. ಹಿಂದಿನಿಂದ ಬರುವ ಲಾರಿಯ ಚಾಲಕನಿಗೆ ಒಂದೇ ಅಲ್ಲ.

ಇದನ್ನು ಸರಳವಾದ ಲೆಕ್ಕದಿಂದಲೇ ತಿಳಿಯಬಹುದು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಕ್ರಮಿಸುತ್ತದೆ. ಚಾಲಕನು ಎದುರಿನ ವಸ್ತುವನ್ನು ಕಂಡು, ಅದೇನೆಂದು ಗ್ರಹಿಸಿ, ಬ್ರೇಕನ್ನು ಒತ್ತಲು ಒಂದೂವರೆ ಸೆಕೆಂಡು ಹಿಡಿಯಿತೆಂದು ಇಟ್ಟುಕೊಳ್ಳೋಣ. ಅಷ್ಟರಲ್ಲಿ ವಾಹನವು 25 ಮೀಟರ್ ಮುಂದೆ ಬಂದಿರುತ್ತದೆ. ಆಮೇಲೆ ಪ್ರತಿ ಸೆಕೆಂಡಿಗೂ ವೇಗವು ಸೆಕೆಂಡಿಗೆ 5 ಮೀಟರಿನಷ್ಟು ಕಡಿಮೆಯಾಗುತ್ತ ಹೋದರೂ, ನಿಲ್ಲುವುದಕ್ಕೆ ಇನ್ನೂ 28 ಮೀಟರ್ ಬೇಕು. ಒಟ್ಟು 53 ಮೀಟರ್. ನೆನೆದ ರಸ್ತೆಯಲ್ಲಿ ಇದು ಮತ್ತಷ್ಟು ಹೆಚ್ಚುವುದು. ಇಷ್ಟು ದೂರಕ್ಕೆ ಮೊದಲೇ "ಇಲ್ಲೊಬ್ಬನಿದ್ದಾನೆ" ಎಂದು ತಿಳಿಸುವ ಸಾಧನವು ಸವಾರನ ಬೆನ್ನ ಹಿಂದೆ ಇರಬೇಕಾದುದು ನ್ಯಾಯ.

ಕೆಂಪು ಪ್ರತಿಫಲಕವೊಂದು ಇದ್ದೇ ಇದೆಯಲ್ಲ ಎಂದು ಕೆಲವರು ಕೇಳಬಹುದು. ಅದು ಸೊಗಸಾದ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಅದರ ಒಳಮೈಯಲ್ಲಿ, ಕೋಣೆಯ ಮೂಲೆಯಂತೆ ಪರಸ್ಪರ ಲಂಬವಾದ ಮೂರು ಮುಖಗಳುಳ್ಳ ಸಣ್ಣ ಸಣ್ಣ ಗುಳಿಗಳಿರುತ್ತವೆ. ಅಲ್ಲಿ ಹೊಕ್ಕ ಕಿರಣವು ಮೂರು ಸಲ ಪ್ರತಿಫಲಿಸಿ, ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಬೈಸಿಕಲ್ಲುಗಳ ಪ್ರತಿಫಲಕಗಳು ಗೊತ್ತಾದ ಗುಣಮಟ್ಟದವಾಗಿರಬೇಕೆಂದು ಭಾರತ ಸರ್ಕಾರವು 2020ರಲ್ಲಿ ಆಜ್ಞೆ ಹೊರಡಿಸಿದುದು ಸ್ತುತ್ಯವೇ. ಆದರೆ ಪ್ರತಿಫಲಕವು ಸಾಲ ಪಡೆದ ಬೆಳಕಿನಿಂದ ಬದುಕುವ ವಸ್ತು. ವಾಹನದ ಮುಂದೀಪ ಅದರ ಮೇಲೆ ಬಿದ್ದರೆ ಮಾತ್ರ ಅದು ಹೊಳೆಯುವುದು. ತಿರುವಿನಲ್ಲಿ ಆ ಬೆಳಕು ಬೇರೆ ಕಡೆಗೆ ಹೋಗುತ್ತದೆ. ಪ್ರತಿಫಲಕದ ಮೇಲೆ ಕೆಸರು ಮೆತ್ತಿದ್ದರೂ, ವಾಹನದ ಮುಂದೀಪವೇ ಕೆಟ್ಟಿದ್ದರೂ ಪ್ರತಿಫಲಕವು ಇದ್ದೂ ಇಲ್ಲದಂತೆ. ಆದುದರಿಂದ ಅದು ದೀಪಕ್ಕೆ ಜೊತೆಗಾರನೇ ಹೊರತು ಬದಲಿಯಲ್ಲ.

ಹಿಂದೆ ಇಂಥ ದೀಪವನ್ನು ಇಟ್ಟುಕೊಳ್ಳುವುದು ನಿಜವಾಗಿಯೂ ಕಷ್ಟವಾಗಿತ್ತು. ಟೈರಿಗೆ ಉಜ್ಜಿ ತಿರುಗುವ ಡೈನಮೋ ಕೊಡುತ್ತಿದ್ದ 3 ವ್ಯಾಟ್ ಶಕ್ತಿಯಲ್ಲಿ 2.4 ವ್ಯಾಟ್ ಮುಂದಿನ ದೀಪಕ್ಕೆ ಹೋಗಿ, ಹಿಂದಿನದಕ್ಕೆ 0.6 ವ್ಯಾಟ್ ಉಳಿಯುತ್ತಿತ್ತು. ಸವಾರ ನಿಂತೊಡನೆ ಎರಡೂ ಆರುತ್ತಿದ್ದವು. 1962ರಲ್ಲಿ ನಿಕ್ ಹೊಲೊನ್ಯಾಕ್ ಎಂಬ ಅಮೆರಿಕದ ವಿಜ್ಞಾನಿ ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಬೀರುವ ಡಯೋಡನ್ನು ನಿರ್ಮಿಸಿದನು. ಎಲ್‌ಇಡಿ ಎಂದು ನಾವೆಲ್ಲ ಬಲ್ಲ ಆ ವಸ್ತುವಿನ ಸುಧಾರಿತ ವಂಶಜರಿಂದ ಇಂದು ಕಡ್ಡಿಪೆಟ್ಟಿಗೆಯಷ್ಟು ಗಾತ್ರದ ದೀಪವು ಕೆಲವೇ ನೂರು ರೂಪಾಯಿಗೆ ದೊರೆಯುತ್ತದೆ. ಕಷ್ಟವೆಂಬ ನೆಪ ಈಗ ಉಳಿದಿಲ್ಲ. ಉಳಿದಿರುವುದು ಆಯ್ಕೆಯ ಪ್ರಶ್ನೆ.

ಅಂಗಡಿಯಲ್ಲಿ ಡಬ್ಬಿಯ ಮೇಲಿನ ಲ್ಯೂಮೆನ್ ಸಂಖ್ಯೆಯನ್ನು ನೋಡಿ ಮರುಳಾಗಬಾರದು. ಲ್ಯೂಮೆನ್ ಎಂಬುದು ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ. ಒಂದು ದಿಕ್ಕಿನಲ್ಲಿ ಅದರ ತೀವ್ರತೆ ಎಷ್ಟೆಂಬುದಕ್ಕೆ ಕ್ಯಾಂಡೆಲಾ ಎಂಬ ಬೇರೆ ಅಳತೆಯಿದೆ. 10 ಲ್ಯೂಮೆನ್ ಬೆಳಕನ್ನು ಮಧ್ಯರೇಖೆಯಿಂದ 10 ಡಿಗ್ರಿಗಳ ಕಿರಿದಾದ ಶಂಕುವಿನಲ್ಲಿ ಸಮನಾಗಿ ಹರಿಸಿದರೆ ತೀವ್ರತೆಯು 100 ಕ್ಯಾಂಡೆಲಾವನ್ನು ಮೀರುತ್ತದೆ. ಅದನ್ನೇ 60 ಡಿಗ್ರಿಗಳವರೆಗೆ ಹರಡಿದರೆ ಸುಮಾರು 3 ಕ್ಯಾಂಡೆಲಾ ಮಾತ್ರ. ಮೊದಲನೆಯದು ನೇರ ಹಿಂದಿನವನ ಕಣ್ಣನ್ನು ಚುಚ್ಚುತ್ತದೆ, ಪಕ್ಕದ ರಸ್ತೆಯಿಂದ ಬರುವವನಿಗೆ ಕಾಣುವುದಿಲ್ಲ. ಎರಡನೆಯದು ಎಲ್ಲರಿಗೂ ಕಾಣುತ್ತದೆ, ಆದರೆ ಪೇಟೆಯ ಬೆಳಕುಗಳ ನಡುವೆ ಮಂಕಾಗುತ್ತದೆ. ನಡುವೆ ಪ್ರಖರವಾಗಿ, ಪಕ್ಕಗಳಿಗೂ ತಕ್ಕಷ್ಟು ಬೆಳಕು ಚೆಲ್ಲುವ ದೀಪವೇ ಒಳ್ಳೆಯದು. ಅತಿ ಪ್ರಖರವಾದುದೇ ಅತಿ ಸುರಕ್ಷಿತವೆಂಬ ನಂಬಿಕೆ ತಪ್ಪು.

ಮಿನುಗುವ ದೀಪದ ವಿಷಯದಲ್ಲಿ ದೇಶದೇಶಗಳಿಗೇ ಒಮ್ಮತವಿಲ್ಲ. ಬ್ರಿಟನ್ನಿನಲ್ಲಿ 2005ರ ತಿದ್ದುಪಡಿಯ ತರುವಾಯ, ಮಿನುಗುವ ದೀಪವು ಕನಿಷ್ಠ 4 ಕ್ಯಾಂಡೆಲಾ ತೀವ್ರತೆಯುಳ್ಳದ್ದಾಗಿ, ನಿಮಿಷಕ್ಕೆ 60ರಿಂದ 240 ಸಲ ಮಿನುಗುವುದಾದರೆ ಸಮ್ಮತ. ಜರ್ಮನಿಯ ನಿಯಮವು ಬೈಸಿಕಲ್ಲಿನ ಹಿಂದೀಪ ಮಿನುಗುವುದನ್ನು ಒಪ್ಪುವುದಿಲ್ಲ. ನನ್ನ ಅಭಿಪ್ರಾಯವು ಸ್ಥಿರವಾದ ಬೆಳಕಿನ ಕಡೆಗೆ. ಮಿನುಗು ಗಮನವನ್ನು ಸೆಳೆಯುವುದು ನಿಜ; ಆದರೆ ಸವಾರ ಎಷ್ಟು ದೂರದಲ್ಲಿದ್ದಾನೆ, ಯಾವ ಕಡೆಗೆ ಸರಿಯುತ್ತಿದ್ದಾನೆ ಎಂದು ಅಳೆಯಲು ಕಣ್ಣಿಗೆ ಬಿಡುವಿಲ್ಲದ ಗುರುತು ಬೇಕು. ದೀಪವು ಅರ್ಧ ಸೆಕೆಂಡು ಆರಿದ್ದರೆ ಅಷ್ಟರಲ್ಲಿ ಆ ವಾಹನ 8 ಮೀಟರ್ ಸಮೀಪಿಸಿರುತ್ತದೆ. ಹಗಲಿನ ಮಂಜಿನಲ್ಲಿ ಮಿನುಗಲಿ. ಇರುಳಿನಲ್ಲಿ ಸ್ಥಿರವಾಗಿ ಉರಿಯಲಿ.

ಕೊಂಡ ಮೇಲೆ ಮಾಡಬೇಕಾದ ಪರೀಕ್ಷೆ ಸುಲಭ. ಸಂಜೆ ಗೆಳೆಯನೊಬ್ಬನಿಗೆ ಬೈಸಿಕಲ್ಲನ್ನು ಹಿಡಿದು ನಿಲ್ಲಲು ಹೇಳಿ, ನೂರು ಹೆಜ್ಜೆ ಹಿಂದಕ್ಕೆ ನಡೆದು ನೋಡಿರಿ. ಅನಂತರ ಎಡಕ್ಕೂ ಬಲಕ್ಕೂ ಸರಿದು ನೋಡಿರಿ. ಕ್ಯಾರಿಯರಿನ ಮೇಲೆ ಪುಸ್ತಕದ ಚೀಲವನ್ನಿಟ್ಟು, ಮಳೆಯಂಗಿಯನ್ನು ತೊಟ್ಟು ಕುಳಿತಾಗಲೂ ದೀಪ ಕಾಣುವುದೋ ಎಂಬುದೇ ಮುಖ್ಯ. ಸೀಟಿನ ಕೆಳಗೆ ಕಟ್ಟಿದ ಎಷ್ಟೋ ದೀಪಗಳು ಚೀಲದ ಮರೆಯಲ್ಲಿ ವ್ಯರ್ಥವಾಗಿ ಉರಿಯುತ್ತವೆ. ಬ್ಯಾಟರಿ ಸೊರಗಿದರೆ ಸವಾರನಿಗೆ ತಿಳಿಯದು. ಆದುದರಿಂದ ಹೊರಡುವ ಮುನ್ನ ಒಮ್ಮೆ ಹಿಂದಕ್ಕೆ ಹೋಗಿ ನೋಡುವ ಅಭ್ಯಾಸ ಬೇಕು.

ಎಚ್ಚರಿಕೆಯಿಂದ ನಡೆಸಬೇಕಾದುದು ಮೋಟಾರಿನವನ ಕರ್ತವ್ಯವಲ್ಲವೆ ಎಂಬ ವಾದವೊಂದುಂಟು. ಕರ್ತವ್ಯವೇ ಸರಿ. ಆದರೆ ಕಾಣದುದನ್ನು ತಪ್ಪಿಸಿಕೊಂಡು ಹೋಗುವುದು ಎಚ್ಚರಿಕೆಯುಳ್ಳವನಿಗೂ ಅಸಾಧ್ಯ.

2006-07ರಲ್ಲಿ ಕರ್ನಾಟಕ ಸರ್ಕಾರವು 8ನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಹಂಚುವ ಯೋಜನೆಯನ್ನು ಆರಂಭಿಸಿದಾಗ, ದೂರದ ಶಾಲೆ ಎಷ್ಟೋ ಮಕ್ಕಳಿಗೆ ಹತ್ತಿರವಾಯಿತು. ಶಾಲೆ ಹತ್ತಿರವಾದಷ್ಟೇ ಮನೆಯೂ ಹತ್ತಿರವಾಗಬೇಕು. ಮಾಗಿಯ ದಿನಗಳಲ್ಲಿ ಪಾಠ ಮುಗಿಸಿ ಹೊರಟ ಹುಡುಗಿ ಊರು ಸೇರುವ ಮೊದಲೇ ಕತ್ತಲಾಗುತ್ತದೆ. ಮಕ್ಕಳಿಗೆ ಬೈಸಿಕಲ್ಲನ್ನು ಕೊಡುವವರು ಯಾರೇ ಆಗಲಿ, ಸರ್ಕಾರವಾಗಲಿ, ತಂದೆತಾಯಿಗಳಾಗಲಿ, ಮಾರುವ ವರ್ತಕರಾಗಲಿ, ಹಿಂದಿನ ದೀಪವನ್ನು ಅಲಂಕಾರದ ಪಟ್ಟಿಯಿಂದ ತೆಗೆದು ಬ್ರೇಕಿನ ಪಕ್ಕದಲ್ಲಿ ಬರೆಯಬೇಕು. ಬ್ರೇಕಿಲ್ಲದ ಬೈಸಿಕಲ್ಲನ್ನು ಯಾರೂ ಮಗುವಿನ ಕೈಗೆ ಕೊಡುವುದಿಲ್ಲವಷ್ಟೆ.