ನೆರೆಹೊರೆಯವರ ಸಂಘ

1986ನೆಯ ಇಸವಿ ನವೆಂಬರ್ ತಿಂಗಳ 16 ಮತ್ತು 17ನೆಯ ತಾರೀಖುಗಳಲ್ಲಿ ಏಳು ರಾಷ್ಟ್ರಗಳ ನಾಯಕರು ಬೆಂಗಳೂರಿನಲ್ಲಿ ನೆರೆದಿದ್ದರು. ಅದು ದಕ್ಷಿಣ ಏಷ್ಯಾ ಪ್ರಾದೇಶಿಕ ಸಹಕಾರ ಸಂಘದ, ಎಂದರೆ ಜನರ ಬಾಯಲ್ಲಿ ಸಾರ್ಕ್ ಎನಿಸಿದ ಸಂಸ್ಥೆಯ, ಎರಡನೆಯ ಶೃಂಗಸಭೆ. ಸಂಘಕ್ಕೆ ಕಾಠಮಂಡುವಿನಲ್ಲಿ ಒಂದು ಸ್ಥಿರವಾದ ಕಾರ್ಯಾಲಯವಿರಬೇಕೆಂಬ ಒಪ್ಪಂದಕ್ಕೆ ರುಜು ಬಿದ್ದುದು ಆ ಸಭೆಯಲ್ಲಿಯೇ. ಮರುವರ್ಷ ಕಾರ್ಯಾಲಯವು ತೆರೆಯಿತು. ಆದರೆ 2014ರ ನವೆಂಬರಿನಲ್ಲಿ ಅದೇ ಕಾಠಮಂಡುವಿನಲ್ಲಿ ಹದಿನೆಂಟನೆಯ ಸಭೆ ಮುಗಿದ ಮೇಲೆ ಹತ್ತೊಂಬತ್ತನೆಯದು ಕೂಡಿಲ್ಲ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ನಡೆಯತಕ್ಕ ಸಭೆಯು ಉರಿಯ ಸೇನಾ ಶಿಬಿರದ ಮೇಲಾದ ದಾಳಿಯ ತರುವಾಯ ನಿಂತುಹೋಯಿತು.

ಇದನ್ನು ಕಂಡು ಸಂಘವನ್ನೇ ಹೂಳಿಬಿಡಬೇಕೆನ್ನುವವರುಂಟು. ಮೊದಲು ವೈರವಡಗಲಿ, ಸಹಕಾರವು ಆಮೇಲೆ ತಾನಾಗಿ ಬರುವುದು ಎಂಬುದು ಅವರ ವಾದ. ಗಡಿಯಲ್ಲಿ ರಕ್ತ ಹರಿಯುತ್ತಿರುವಾಗ ಔತಣಕ್ಕೆ ಹೋಗುವುದು ಸಲ್ಲದೆಂಬ ಅವರ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ಒಂದು ರಾಷ್ಟ್ರವು ಅತಿಥಿಯಾಗಿ ಹೋಗಲೊಲ್ಲದಿರುವುದು ಬೇರೆ. ಅದರಿಂದ ಎಂಟು ರಾಷ್ಟ್ರಗಳ ಕಾರ್ಯವೇ ನಿಲ್ಲುವುದು ಬೇರೆ. ಮೊದಲನೆಯದು ಆ ರಾಷ್ಟ್ರದ ರಾಜನೀತಿ. ಎರಡನೆಯದು ಸಂಘದ ನಿಯಮದಲ್ಲಿರುವ ದೋಷ. ದೋಷವನ್ನು ತಿದ್ದಬಹುದಾಗಿರುವಾಗ ಸಂಸ್ಥೆಯನ್ನು ಹೂಳುವುದು ಯಾವ ವಿವೇಕ?

ಆ ನಿಯಮವೆಂದರೆ ಸನ್ನದಿನ ಹತ್ತನೆಯ ವಿಧಿ. ಎಲ್ಲ ಹಂತಗಳಲ್ಲಿಯೂ ಎಲ್ಲ ನಿರ್ಣಯಗಳಿಗೂ ಸರ್ವಾನುಮತಿ ಬೇಕು. ಇಬ್ಬರ ನಡುವಣ ವಿವಾದಗಳನ್ನು ಸಭೆಯಲ್ಲಿ ಎತ್ತಕೂಡದು. 1985ರಲ್ಲಿ ಢಾಕಾದಲ್ಲಿ ಸಂಘವು ಹುಟ್ಟಿದಾಗ ಇದಕ್ಕೆ ಕಾರಣವಿದ್ದಿತು. ಸಣ್ಣ ರಾಷ್ಟ್ರಗಳಿಗೆ ಭಾರತದ ಗಾತ್ರದ ಅಂಜಿಕೆ. ಭಾರತಕ್ಕೆ ನೆರೆಯವರೆಲ್ಲ ಒಂದುಗೂಡಿ ತನ್ನನ್ನು ಎದುರಿಸುವರೇನೋ ಎಂಬ ಶಂಕೆ. ಅಂದು ಎಲ್ಲರನ್ನೂ ಒಂದೇ ಚಾವಡಿಗೆ ಕರೆತಂದ ನಿಯಮವೇ ಇಂದು ಆ ಚಾವಡಿಗೆ ಬೀಗವಾಗಿದೆ. ನಾಯಕರು ವರ್ಷಕ್ಕೊಮ್ಮೆಯಾದರೂ ಸೇರತಕ್ಕದ್ದೆಂದು ಸನ್ನದು ವಿಧಿಸಿತು. 1985ರಿಂದ 2014ರವರೆಗಿನ ಮೂವತ್ತು ವರ್ಷಗಳಲ್ಲಿ ಅವರು ಸೇರಿದುದು 18 ಸಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯು ಇಲ್ಲಿ ಅಕ್ಷರಶಃ ನಿಜ. ಭಾರತ ಪಾಕಿಸ್ತಾನಗಳ ಕಲಹಕ್ಕೆ ಸಮುದ್ರವಿಲ್ಲದ ನೇಪಾಳ ಭೂತಾನಗಳೂ, ಸಮುದ್ರವಲ್ಲದೆ ಬೇರೇನೂ ಇಲ್ಲದ ಮಾಲ್ದೀವವೂ ದಂಡ ತೆರುತ್ತಿವೆ. 2006ರಿಂದ ಮುಕ್ತ ವ್ಯಾಪಾರದ ಒಪ್ಪಂದವು ಜಾರಿಯಲ್ಲಿದ್ದರೂ ಈ ರಾಷ್ಟ್ರಗಳ ಒಟ್ಟು ವ್ಯಾಪಾರದಲ್ಲಿ ತಮ್ಮತಮ್ಮೊಳಗಿನದು ನೂರಕ್ಕೆ ಸುಮಾರು 5 ಪಾಲು ಮಾತ್ರ.

ನಿಯಮವು ಸಡಿಲಾದರೆ ಏನಾಗುವುದೆಂಬುದಕ್ಕೆ ನಿದರ್ಶನವು ದೂರವಿಲ್ಲ. 2014ರ ಸಭೆಯಲ್ಲಿ ವಾಹನ ಸಂಚಾರದ ಒಪ್ಪಂದವು ಪಾಕಿಸ್ತಾನವು ಒಪ್ಪದ್ದರಿಂದ ಬಿದ್ದುಹೋಯಿತು. 2015ರ ಜೂನ್ ತಿಂಗಳಲ್ಲಿ ಬಾಂಗ್ಲಾದೇಶ, ಭೂತಾನ, ಭಾರತ, ನೇಪಾಳ ಈ ನಾಲ್ಕು ರಾಷ್ಟ್ರಗಳು ಥಿಂಪುವಿನಲ್ಲಿ ಅಂಥದೇ ಒಪ್ಪಂದವನ್ನು ತಾವೇ ಮಾಡಿಕೊಂಡವು. ಭೂತಾನವು ಬಳಿಕ ಹಿಂಜರಿಯಿತು. ಮಿಕ್ಕ ಮೂವರು ತಾವು ಮುಂದುವರಿಯಲು ಸಮ್ಮತಿಸಿದರು. ಭೂತಾನವನ್ನು ಯಾರೂ ವೈರಿಯೆಂದೆಣಿಸಲಿಲ್ಲ. 2024ರ ನವೆಂಬರಿನಲ್ಲಿ ನೇಪಾಳದ 40 ಮೆಗಾವಾಟ್ ವಿದ್ಯುತ್ತು ಭಾರತದ ತಂತಿಗಳ ಮೂಲಕ ಬಾಂಗ್ಲಾದೇಶವನ್ನು ಮುಟ್ಟಿತು.

ಹಾಗಾದರೆ ಹೊರಗಣ ಏರ್ಪಾಡುಗಳೇ ಸಾಲವೆ, 1997ರಲ್ಲಿ ಹುಟ್ಟಿದ ಬಿಮ್ಸ್‌ಟೆಕ್ ಇಲ್ಲವೆ, ಎಂದು ಕೇಳಬಹುದು. ಸಾಲವು. ಅದರಲ್ಲಿ ಪಾಕಿಸ್ತಾನ, ಅಫಘಾನಿಸ್ತಾನ, ಮಾಲ್ದೀವಗಳಿಗೆ ಎಡೆಯಿಲ್ಲ. ಒಲ್ಲದ ನೆರೆಯವನನ್ನು ಪಟ್ಟಿಯಿಂದ ಅಳಿಸಬಹುದು, ಭೂಪಟದಿಂದ ಅಳಿಸಲಾಗದು. ಕೊರೋನಾ ಜಾಡ್ಯವು ಯಾವ ಗಡಿಯಲ್ಲಿಯೂ ರಹದಾರಿ ತೋರಿಸಲಿಲ್ಲ. 2020ರ ಮಾರ್ಚ್ 15ರಂದು ಎಂಟು ರಾಷ್ಟ್ರಗಳ ಪ್ರತಿನಿಧಿಗಳು ದೂರದರ್ಶಕ ಯಂತ್ರಗಳ ಮುಂದೆ ಕುಳಿತು ಸಮಾಲೋಚಿಸಿದಾಗ ಅವರಿಗೆ ನೆನಪಾದುದು ಮರೆತಿದ್ದ ಈ ಸಂಘವೇ. ಭಾರತವು ಪರಿಹಾರ ನಿಧಿಗೆ 1 ಕೋಟಿ ಡಾಲರುಗಳನ್ನು ನೀಡುವುದಾಗಿ ಅಂದೇ ಸಾರಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವನಿಗಿಂತ, ಇದ್ದ ಬಾವಿಯನ್ನು ಹೂಳಿ ಬೆಂಕಿಗಾಗಿ ಕಾಯುವವನು ಮಿಗಿಲಾದ ಅವಿವೇಕಿಯಲ್ಲವೆ?

ಪರಿಹಾರವು ಸನ್ನದಿನಲ್ಲಿಯೇ ಉಂಟು. ಎಲ್ಲರೂ ಸೇರದೆ, ಇಬ್ಬರಿಗಿಂತ ಹೆಚ್ಚು ಸದಸ್ಯರು ಕೂಡಿ ಮಾಡುವ ಕಾರ್ಯಗಳಿಗೆ ಪ್ರತ್ಯೇಕ ಸಮಿತಿಗಳನ್ನು ರಚಿಸಬಹುದೆಂದು ಅದರ ಏಳನೆಯ ವಿಧಿಯು ಹೇಳುತ್ತದೆ. ಅಂಥ ಸಮಿತಿಯ ರಚನೆಗೆ ಮಾತ್ರ ಸರ್ವಾನುಮತಿ ಬೇಡವೆಂದು ಒಂದು ತಿದ್ದುಪಡಿಯಾದರೆ ಸಾಕು. ಒಲ್ಲದವನು ಹೊರಗುಳಿಯಲಿ, ಬಾಗಿಲಿಗೆ ಅಡ್ಡ ನಿಲ್ಲದಿರಲಿ. ಈ ತಿದ್ದುಪಡಿಗೂ ಎಲ್ಲರ ಒಪ್ಪಿಗೆ ಬೇಕೆಂಬುದು ನಿಜ. ಆದರೆ ತಾನು ಬಾರೆನೆನ್ನುವುದು ಸುಲಭ. ನೀವೂ ಮಾಡಕೂಡದೆಂದು ಏಳು ಮಂದಿಯ ಎದುರಿನಲ್ಲಿ ನುಡಿಯುವುದು ಸುಲಭವಲ್ಲ. ಭಾರತವೇ ಈ ಸೂಚನೆಯನ್ನು ಮುಂದಿಡಲಿ. ಯಾರ ಗಾತ್ರಕ್ಕೆ ಅಂಜಿ ಆ ಬೀಗವನ್ನು ಹಾಕಿದರೋ, ಅವನೇ ಕೀಲಿಕೈಯನ್ನು ನೀಡುವುದು ದೊಡ್ಡವನಿಗೆ ಒಪ್ಪುವ ನಡತೆ.