ಹೆಸರಿಡದ ಗಾಳಿ, ಏರಿದ ಹೊಳೆ

ಆಂಧ್ರ ಕರಾವಳಿಯ ಕಾಕಿನಾಡದಿಂದ ಪಡುವಣಕ್ಕೆ ನೆಟ್ಟಗೆ ಗೆರೆ ಎಳೆದರೆ ಅದು ನಮ್ಮ ವಿಜಯಪುರ ಜಿಲ್ಲೆಯ ಸಿಂದಗಿಗೆ ಬಂದು ಮುಟ್ಟುತ್ತದೆ. ಎರಡೂ ಊರು ಹೆಚ್ಚುಕಡಿಮೆ 17 ಡಿಗ್ರಿ ಅಕ್ಷಾಂಶದಲ್ಲಿವೆ. ನಡುವೆ 600 ಕಿ.ಮೀ.ಗೂ ಹೆಚ್ಚು ನೆಲ. ಕಡಲು ಇಷ್ಟು ದೂರವಿದ್ದ ಮೇಲೆ ಚಂಡಮಾರುತದ ಗೊಡವೆ ನಮಗೇಕೆ ಎನ್ನುವವರು 2020ರ ಅಕ್ಟೋಬರನ್ನು ಮರೆತಿದ್ದಾರೆ. 13ರ ಬೆಳಿಗ್ಗೆ ಕಾಕಿನಾಡದ ಬಳಿ ದಡ ಹತ್ತಿದ ವಾಯುಭಾರ ಕುಸಿತ ಹೈದರಾಬಾದನ್ನು ಮುಳುಗಿಸಿತು. ಆಮೇಲೆ ಉತ್ತರ ಕರ್ನಾಟಕ, ಸೊಲ್ಲಾಪುರದ ಕಡೆ ಮಳೆ ಸುರಿಸುತ್ತ ಸಾಗಿ ಅರಬ್ಬೀ ಸಮುದ್ರಕ್ಕೆ ಇಳಿಯಿತು.

ಅದಕ್ಕೊಂದು ಹೆಸರೂ ಇರಲಿಲ್ಲ. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಮಾತ್ರ ಹವಾಮಾನ ಇಲಾಖೆ ನಾಮಕರಣ ಮಾಡುತ್ತದೆ. ಇದು ಅಷ್ಟು ಬೆಳೆಯದೆ ‘ತೀವ್ರ ವಾಯುಭಾರ ಕುಸಿತ’ವಾಗಿಯೇ ಉಳಿಯಿತು. ಅದೇ ವರ್ಷ ಅಂಫಾನ್, ನಿಸರ್ಗ, ನಿವಾರ್ ಎಂದು ಟಿ.ವಿ.ಗಳು ಹಗಲಿರುಳು ಕೂಗಿದವು. ಅತ್ತ ಅಟ್ಲಾಂಟಿಕ್‌ನಲ್ಲಿ 30 ಚಂಡಮಾರುತಗಳಿಗೆ ಹೆಸರಿಟ್ಟು, ಪಟ್ಟಿ ಮುಗಿದು, ಗ್ರೀಕ್ ಅಕ್ಷರಗಳಿಗೆ ಕೈಹಾಕಿದ್ದರು. ಆದರೆ ಇಂಡಿ, ಸಿಂದಗಿಯ ಹೊಳೆದಂಡೆಯ ಹಳ್ಳಿಗಳನ್ನು ಮುಳುಗಿಸಿದ್ದು ಹೆಸರಿಲ್ಲದ್ದು. ಹೆಸರು ಹೇಳುವುದು ಗಾಳಿಯ ಬಿರುಸನ್ನು; ನೀರಿನ ಲೆಕ್ಕ ಅದರಲ್ಲಿಲ್ಲ. ಇದು ಅಮೆರಿಕದವರಿಗೂ ತಡವಾಗಿ ತಿಳಿಯಿತು: 2001ರಲ್ಲಿ ಹ್ಯೂಸ್ಟನ್ ನಗರವನ್ನು ಮುಳುಗಿಸಿದ ಆಲಿಸನ್ ‘ಹರಿಕೇನ್’ ದರ್ಜೆಗೆ ಏರಿದ್ದೇ ಇಲ್ಲ.

ನಮ್ಮ ಕಡೆ ಪೆಟ್ಟು ಆಕಾಶದಿಂದ ಅಷ್ಟಾಗಿ ಬೀಳುವುದಿಲ್ಲ, ಹೊಳೆಯಿಂದ ಬರುತ್ತದೆ. ಮುಂಗಾರು ಮುಗಿಯುವ ಹೊತ್ತಿಗೆ ಭೀಮಾ ನದಿಗೆ ಕಟ್ಟಿದ ಮಹಾರಾಷ್ಟ್ರದ ಉಜನಿ ಜಲಾಶಯ ಸಾಮಾನ್ಯವಾಗಿ ತುಂಬಿ ನಿಂತಿರುತ್ತದೆ. ಆ ಹೊತ್ತಿಗೆ ಕುಸಿತವೊಂದು ಪುಣೆ–ಸೊಲ್ಲಾಪುರದ ಮೇಲೆ ಸುರಿದರೆ ನೀರು ಹಿಡಿಯಲು ಜಾಗವೆಲ್ಲಿ? ಗೇಟು ಎತ್ತಲೇಬೇಕು. ನೀರಾ ನದಿಯ ವೀರ ಜಲಾಶಯದ ನೀರೂ ಬಂದು ಕೂಡುತ್ತದೆ. ಆ ನೀರು ಅಗರಖೇಡ, ಭುಯ್ಯಾರ ದಾಟಿ ದೇವಣಗಾಂವ, ತಾರಾಪುರದತ್ತ ಬರಲು ದಿನವೊಪ್ಪತ್ತಾದರೂ ಬೇಕು. ಅಷ್ಟರಲ್ಲಿ ಇಲ್ಲಿ ಬಿಸಿಲು ಬಿದ್ದಿರುತ್ತದೆ. ‘ಹೊಳಿ ಏರಾಕತ್ತೈತಿ, ಮೋಟಾರ ಕಿತ್ತು ತರ‍್ರಿ’ ಎಂಬ ಕೂಗು ಬಿದ್ದಾಗ ದಂಡೆಯಲ್ಲಿ ಓಟ ಶುರು. ಮೊಣಕಾಲುದ್ದ ಕೆಸರಿನಲ್ಲಿ ನಾಲ್ಕು ಜನ ಹಗ್ಗ ಹಾಕಿ ಪಂಪ್‌ಸೆಟ್ ಎಳೆಯುತ್ತಿರುತ್ತಾರೆ. ಪೈಪು, ಕೇಬಲ್ ಆಗಲೇ ಹೊಳೆಯ ಪಾಲು.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಒಳ್ಳೆಯದೇ. ಆದರೆ ಅದು ಅಳೆಯುವುದು ನಮ್ಮೂರ ಮಳೆಯನ್ನು. ಭೀಮೆ ಹೊತ್ತು ತರುವುದು ಪರರಾಜ್ಯದ ಮಳೆಯನ್ನು. ಕೃಷ್ಣೆಯ ಆಲಮಟ್ಟಿ ವಿಷಯದಲ್ಲಿ ಎರಡೂ ರಾಜ್ಯಗಳು ಮಾತಾಡುವಷ್ಟು ಭೀಮೆಯ ವಿಷಯದಲ್ಲಿ ಆಡುವುದಿಲ್ಲ ಎಂಬುದು ನನ್ನ ದೂರು. ಕುಸಿತವೊಂದು ಆಂಧ್ರದ ದಡ ದಾಟಿದ ದಿನವೇ ಉಜನಿಯ ಮಟ್ಟ, ಬಿಡುವ ನೀರಿನ ಪ್ರಮಾಣ ಹೊಳೆದಂಡೆಯ ಪಂಚಾಯಿತಿಗಳ ಧ್ವನಿವರ್ಧಕದಲ್ಲಿ ಕೇಳಿಸಬೇಕು. ಕಷ್ಟದ ಕೆಲಸವೇನಲ್ಲ.

ಹಾಗೆಂದು ಬಂಗಾಳ ಕೊಲ್ಲಿಯ ಮಳೆಯನ್ನು ಬರೀ ಶತ್ರು ಎಂದರೆ ಎರಿಹೊಲದ ರೈತ ನಗುತ್ತಾನೆ. ಹಿಂಗಾರಿ ಬಿಳಿಜೋಳ ನಿಂತಿರುವುದೇ ಹಸ್ತ, ಚಿತ್ತಿ ಮಳೆಗಳ ಹಸಿಯ ಮೇಲೆ, ಮತ್ತು ಆ ಮಳೆಗಳಲ್ಲಿ ಕೊಲ್ಲಿಯ ಕುಸಿತಗಳ ಪಾಲು ದೊಡ್ಡದು. ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯಲ್ಲಿ ಡೋಣಿ ಬೆಳೆದರೆ ಓಣಿಗೆಲ್ಲ ಜೋಳ ಎಂಬ ಮಾತು ಇನ್ನೂ ಇದೆ. ಅದೇ ಡೋಣಿ ನದಿ ಹೂಳು ತುಂಬಿ ದಡ ಮೀರಿದಾಗ ತಾಳಿಕೋಟೆಯ ಹಡಗಿನಾಳ ಸೇತುವೆ ಮುಳುಗುತ್ತದೆ. ಮಳೆ ಹದ ಮೀರಿದರೆ ಕೂರಿಗೆ ಹೊಲಕ್ಕಿಳಿಯುವುದಿಲ್ಲ, ತೊಗರಿ ಹೂ ಉದುರುತ್ತದೆ. ಚಾಟ್ನಿ (ಕಡ್ಡಿ ಸವರುವುದು) ಮುಗಿಸಿದ ದ್ರಾಕ್ಷಿ ತೋಟದಲ್ಲಿ ನಾಲ್ಕು ದಿನ ಮೋಡ ಕವಿದರೆ ಸಾಕು, ಔಷಧಿ ಅಂಗಡಿಯ ಉದ್ರಿ ಏರುತ್ತದೆ. ಮಣ್ಣಿನ ಮಾಳಿಗೆ ಮನೆಗಳ ಪಾಡು ಇನ್ನೂ ಬೇರೆ. ಒಂದೇ ಸಮ ಸುರಿದರೆ ಮೇಲ್ಮುದ್ದೆ ನೀರು ಕುಡಿದು ಭಾರವಾಗಿ, ಮಲಗಿದವರ ಮೇಲೆ ಕುಸಿಯುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ರಾಜ್ಯದಲ್ಲಿ ಸತ್ತವರು 200ಕ್ಕೂ ಹೆಚ್ಚು. ನೆರೆ ಸಂತ್ರಸ್ತರಿಗೆ ‘ಆಸರೆ’ ಮನೆಗಳು ಎದ್ದದ್ದು ಅದರ ನಂತರ.

ಬೆಳೆಹಾನಿಗೆ ವಿಮೆ ಕೊಡುವ ಫಸಲ್ ಬಿಮಾ ಯೋಜನೆಯ ನಿಯಮದಲ್ಲಿ ‘ಚಂಡಮಾರುತದ ಮಳೆ’ ಎಂಬ ಮಾತೇನೋ ಇದೆ. ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೆ 14 ದಿನಗಳ ರಕ್ಷೆಯೂ ಉಂಟು. ಆದರೆ ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು. ಕರೆಂಟು ಹೋಗಿ, ಮೊಬೈಲು ಸತ್ತು, ಊರಿನ ಸುತ್ತ ನೀರು ನಿಂತಾಗ ಆ ಮೂರು ದಿನ ಯಾವ ಲೆಕ್ಕಕ್ಕೆ?

2025ರ ಸೆಪ್ಟೆಂಬರ್ ಕೊನೆಯಲ್ಲಿ ಉಜನಿಯ ನೀರಿಗೆ ಸೀನಾ ನದಿಯೂ ಸೇರಿ ಭೀಮೆ ಮತ್ತೆ ಉಕ್ಕಿತು. ಅದಾಗಿ ಒಂದು ತಿಂಗಳಿಗೆ, ಅಕ್ಟೋಬರ್ 28ರಂದು, ಅದೇ ಆಂಧ್ರ ಕರಾವಳಿಗೆ ‘ಮೊಂಥಾ’ ಬಂತು. ಹೆಸರಿದ್ದ ಅದು ತೆಲಂಗಾಣ ಹೊಕ್ಕು ಛತ್ತೀಸಗಡದ ಕಡೆ ಹೊರಳಿತು. ಹೊಳೆದಂಡೆಯವರು ಅದರ ಸುದ್ದಿಯನ್ನು ಟಿ.ವಿ.ಯಲ್ಲಿ ನೋಡಿದರು, ಸೆಪ್ಟೆಂಬರಿನ ಕೆಸರು ಮನೆಯಿಂದ ಹೊರಹಾಕಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ.