ಕಲ್ಲಿನ ಪಾಠ

ಬಸವಕಲ್ಯಾಣ ಮತ್ತು ಹುಮನಾಬಾದುಗಳ ಸುತ್ತಲಿನ ನೆಲದಲ್ಲಿ ಎರಡು ಬಣ್ಣಗಳು ಎದ್ದುಕಾಣುತ್ತವೆ. ಒಂದು ಎರೆಮಣ್ಣಿನ ಕಪ್ಪು, ಇನ್ನೊಂದು ಜಂಬಿಟ್ಟಿಗೆಯ ಕೆಂಪು. ಇವೆರಡಕ್ಕೂ ಮೂಲವಾದ ಶಿಲೆ ಒಂದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಲಾವಾರಸವು ಮತ್ತೆ ಮತ್ತೆ ಹೊರಹೊಮ್ಮಿ, ಪದರಪದರವಾಗಿ ಹರಡಿ, ತಣಿದು ಬಸಾಲ್ಟ್ ಎಂಬ ಕರಿಕಲ್ಲಾಯಿತು. ದಖ್ಖನಿನ ಈ ಶಿಲೆಯು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರುಗಳಷ್ಟು ನೆಲವನ್ನು ಆವರಿಸಿದೆ. ಅದು ಶಿಥಿಲಗೊಂಡು ಎರೆಮಣ್ಣಾಯಿತು. ದೀರ್ಘಕಾಲದ ಬಿಸಿಲುಮಳೆಗಳಿಗೆ ಕರಗುವ ಅಂಶಗಳು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮಿನ ಅಂಶಗಳು ಉಳಿದೆಡೆ ಜಂಬಿಟ್ಟಿಗೆಯಾಯಿತು.

ಇಂತಹ ನೆಲದಲ್ಲಿ ಬೆಳೆದ ವಿದ್ಯಾರ್ಥಿಯೊಬ್ಬನು ವಿಶ್ವವಿದ್ಯಾನಿಲಯವನ್ನು ಸೇರಿ ಭೂವಿಜ್ಞಾನವನ್ನು ಆರಿಸಿಕೊಂಡನೆನ್ನೋಣ. ಪ್ರಯೋಗಾಲಯದಲ್ಲಿ ಅವನ ಮುಂದೆ ಅಂಕಿ ಬರೆದ ಕಲ್ಲುಗಳ ತಟ್ಟೆಯೊಂದನ್ನು ಇರಿಸುತ್ತಾರೆ. ನಾಲ್ಕನೆಯದು ಬೆಣಚು, ಒಂಬತ್ತನೆಯದು ಕ್ಯಾಲ್ಸೈಟ್ ಎಂದು ಉರುಹೊಡೆಯುವ ಆಸೆ ಅಲ್ಲಿಯೇ ಹುಟ್ಟುತ್ತದೆ. ಹಾಗೆ ಕಲಿತವನು ಪರೀಕ್ಷೆಯಲ್ಲಿ ಗೆದ್ದಾನು; ಅಂಕಿಯಿಲ್ಲದ ಕಲ್ಲು ಎದುರಾದಾಗ ಮೂಕನಾಗುತ್ತಾನೆ. ಆದುದರಿಂದ ಈ ಶಾಸ್ತ್ರದ ಮೊದಲ ಪಾಠವನ್ನು ಕೈಯಾರೆ ಮಾಡಿಯೇ ಕಲಿಯಬೇಕು.

ಬಸಾಲ್ಟಿನ ಪೊಳ್ಳುಗಳಲ್ಲಿ ಬೆಣಚೂ ಕ್ಯಾಲ್ಸೈಟೂ ದೊರೆಯುತ್ತವೆ. ಎರಡೂ ಬೆಳ್ಳಗೆ ಹೊಳೆಯುವುದುಂಟು. ಬರಿಯ ಕಣ್ಣು ಮೋಸಹೋದೀತು. ಆದರೆ ಬೆಣಚು ಗಾಜನ್ನು ಗೀರುತ್ತದೆ. ಕ್ಯಾಲ್ಸೈಟನ್ನು ಚಾಕುವೇ ಗೀರುತ್ತದೆ. ನೀರು ಬೆರೆಸಿ ಸಾರ ತಗ್ಗಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿದ್ದೊಡನೆ ಕ್ಯಾಲ್ಸೈಟು ನೊರೆಯುಕ್ಕಿಸುತ್ತದೆ; ಬೆಣಚು ಹಾಗೆಯೇ ಇರುತ್ತದೆ. ಹೆಮಟೈಟ್ ಎಂಬ ಕಬ್ಬಿಣದ ಅದಿರು ಕಪ್ಪಗೆ ಕಂಡರೂ, ಮೆರುಗಿಲ್ಲದ ಪಿಂಗಾಣಿಯ ಬಿಲ್ಲೆಗೆ ಉಜ್ಜಿದಾಗ ಕೆಂಪು ಗೆರೆಯನ್ನು ಮೂಡಿಸುತ್ತದೆ. ಜರ್ಮನ್ ವಿಜ್ಞಾನಿ ಫ್ರೆಡರಿಕ್ ಮೋಸ್ 1812ರಲ್ಲಿ 10 ಖನಿಜಗಳನ್ನು ಗಡಸುತನದ ಕ್ರಮದಲ್ಲಿ ಜೋಡಿಸಿದುದೂ, ಯಾವುದು ಯಾವುದನ್ನು ಗೀರುತ್ತದೆ ಎಂಬ ಸರಳ ಪರೀಕ್ಷೆಯಿಂದಲೇ.

ಹೆಸರುಗಳನ್ನು ನೆನಪಿಡದೆ ಶಾಸ್ತ್ರವೆಲ್ಲಿ ಎಂದು ಕೆಲವರು ಕೇಳಬಹುದು. ಆ ಮಾತು ಸುಳ್ಳಲ್ಲ. ಹೆಸರು ಬೇಕು, ಆದರೆ ಅದು ಪರೀಕ್ಷಿಸಿದ ಬಳಿಕ ಬರಬೇಕು. ತಾನು ಮಾಡಿ ನೋಡಿದುದನ್ನು ಬರೆದಿಟ್ಟವನು, ಹೆಸರು ತಪ್ಪಾದರೂ, ತಪ್ಪೆಲ್ಲಿಯೆಂದು ತಾನೇ ಹುಡುಕಿ ತಿದ್ದಿಕೊಳ್ಳಬಲ್ಲನು. ಉರುಹೊಡೆದವನಿಗೆ ಆ ದಾರಿಯಿಲ್ಲ.

ಇದು ಕೇವಲ ಅಂಕಗಳ ಪ್ರಶ್ನೆಯಲ್ಲ. ರೈತನು ಸಾಲ ಮಾಡಿ ಬಾವಿ ತೋಡಿಸುತ್ತಾನೆ. ಇಡಿಯಾದ ಬಸಾಲ್ಟಿನಲ್ಲಿ ನೀರಿಗೆ ಎಡೆಯಿಲ್ಲ. ಅದರ ಶಿಥಿಲವಾದ ಪದರಗಳಲ್ಲಿಯೂ ಬಿರುಕುಗಳಲ್ಲಿಯೂ ನೀರು ಸೇರುತ್ತದೆ. ರಂಧ್ರಮಯವಾದ ಜಂಬಿಟ್ಟಿಗೆ ಮಳೆನೀರನ್ನು ಕೆಳಗಿಳಿಯಬಿಡುತ್ತದೆ. ಅಡಿಯ ಗಟ್ಟಿಕಲ್ಲು ಅದನ್ನು ತಡೆಯುತ್ತದೆ. 15ನೆಯ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ಬೀದರಿನಲ್ಲಿ ಸುರಂಗ ಕಾಲುವೆಗಳನ್ನು ಕೊರೆದವರು ಈ ಗುಟ್ಟನ್ನು ಬಳಸಿಕೊಂಡರು. ಕಲ್ಲಿನ ಗುಣವನ್ನು ಅರಿಯದವನ ಸಲಹೆಯನ್ನು ನಂಬಿದ ಮನೆತನಕ್ಕಾದರೋ ಬಾವಿ ಬತ್ತಿದರೂ ಸಾಲ ಬತ್ತುವುದಿಲ್ಲ.

ಆದಕಾರಣ ವಿಶ್ವವಿದ್ಯಾನಿಲಯದ ಪ್ರಯೋಗ ಪರೀಕ್ಷೆಯಲ್ಲಿ ತಟ್ಟೆಯ ಹಳೆಯ ಕಲ್ಲುಗಳೊಡನೆ, ವಿದ್ಯಾರ್ಥಿಯು ಹಿಂದೆ ಕಾಣದ ಕಲ್ಲೊಂದೂ ಇರಬೇಕು. ಉತ್ತರಕ್ಕಿಂತ ಉತ್ತರವನ್ನು ತಲುಪಿದ ಕ್ರಮಕ್ಕೆ ಹೆಚ್ಚು ಅಂಕ ದೊರೆಯಬೇಕು. ಪ್ರತಿಯೊಬ್ಬನೂ ತನ್ನ ಊರಿನ ನೆಲದಿಂದ ಒಂದು ಕಲ್ಲನ್ನು ತಂದು ಪರೀಕ್ಷಿಸಬೇಕು.

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಚಾಲುಕ್ಯ ದೇವಾಲಯದಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯ ಶಿಲ್ಪವಿದೆ. ಅವಳ ಬರಹವನ್ನು ಓದಲು ಲಿಪಿಯನ್ನು ಕಲಿಯಬೇಕು. ಹೊಲದ ಬದುವಿನಲ್ಲಿ ಬಿದ್ದಿರುವ ಕಲ್ಲಿನಲ್ಲಿಯೂ ನೆಲದ ಚರಿತ್ರೆ ಅಡಗಿದೆ. ಅದನ್ನು ಓದುವ ವಿದ್ಯೆ ಆ ಕಲ್ಲನ್ನು ಕೈಗೆತ್ತಿಕೊಂಡಾಗಲೇ ಆರಂಭವಾಗುತ್ತದೆ.